ಹಿಂದೆ ಅಪಾರ್ಟ್‌ಮೆಂಟ್ ಎದ್ದಿದೆ, ನಮ್ಮ ವರ್ಕ್‌ಶಾಪ್ ಎತ್ತಬೇಕಾ?

ಓದುಗರ ಪ್ರಶ್ನೆ: ತುಮಕೂರು ನಗರದೊಳಗಿನ ಹಳೇ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಎಂಜಿನಿಯರಿಂಗ್ ವರ್ಕ್‌ಶಾಪ್ ಇದೆ. ತಂದೆಯವರು 1986ರಲ್ಲಿ ಶುರು ಮಾಡಿದ್ದು. ಜಾಗ ನಮ್ಮ ಹೆಸರಿನಲ್ಲೇ ಇದೆ. ಮೂರು ಲೇತು, ಒಂದು ಮಿಲ್ಲಿಂಗ್ ಮಷಿನ್, ಎರಡು ಪವರ್ ಪ್ರೆಸ್, ಹನ್ನೊಂದು ಜನ ಕೆಲಸಗಾರರು. ಪಂಪ್‌ಸೆಟ್ ಬಿಡಿಭಾಗಗಳನ್ನು ಜಾಬ್ ವರ್ಕ್ ಮೇಲೆ ಮಾಡಿಕೊಡುತ್ತೇವೆ. ನಮ್ಮ ಹಿಂದಿದ್ದ ಮೂರು ಶೆಡ್ ಮಾರಾಟವಾಗಿ ಈಗ ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಎದುರಿಗೆ ಕಲ್ಯಾಣ ಮಂಟಪ. ಅಪಾರ್ಟ್‌ಮೆಂಟಿನವರು ಶಬ್ದದ ಬಗ್ಗೆ ಪೊಲೀಸರಿಗೂ ಪಾಲಿಕೆಗೂ ದೂರು ಕೊಟ್ಟಿದ್ದಾರೆ. ಮೊನ್ನೆ ಒಬ್ಬ ಬ್ರೋಕರ್ ಬಂದು, ‘ಮುಂದಿನ ಮಾಸ್ಟರ್ ಪ್ಲಾನ್‌ನಲ್ಲಿ ಇದೆಲ್ಲ ರೆಸಿಡೆನ್ಷಿಯಲ್ ಆಗುತ್ತೆ, ಆಮೇಲೆ ನಿಮ್ಮನ್ನ ಎತ್ತಂಗಡಿ ಮಾಡ್ತಾರೆ, ಈಗಲೇ ಮಾರಿಬಿಡಿ’ ಅಂದ. ಮಾರಿ ಊರ ಹೊರಗಿನ ವಸಂತನರಸಾಪುರ ಕೈಗಾರಿಕಾ ಪ್ರದೇಶಕ್ಕೆ ಹೋಗೋದಾ? ನಾವೇ ಕನ್ವರ್ಷನ್ ಮಾಡಿಸಿ ಬಿಲ್ಡಿಂಗ್ ಕಟ್ಟೋದಾ? ಇಲ್ಲೇ ಉಳಿಯೋದಾ? ಊರೊಳಗೆ ಫ್ಯಾಕ್ಟರಿ ಇರಬಾರದು ಅಂತ ಕಾನೂನು ಇದೆಯಾ?

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಭಯ ಕಾಣುತ್ತದೆ. ನಾಳೆಯೇ ಯಾರೋ ಬಂದು ಶೆಡ್‌ಗೆ ಬೀಗ ಜಡಿದುಬಿಟ್ಟರೆ ಅನ್ನೋದು ಒಂದು. ಈಗ ಮಾರದೆ ಕೂತರೆ ಮುಂದೆ ಬೆಲೆಯೂ ಸಿಗಲ್ಲ, ಕೆಲಸವೂ ನಡೆಯಲ್ಲ ಅನ್ನೋದು ಇನ್ನೊಂದು. ಬ್ರೋಕರ್ ಎರಡನ್ನೂ ಸೇರಿಸಿ ಹೇಳಿದ್ದಾನೆ. ಹೆದರಿದವರು ಕಡಿಮೆ ಬೆಲೆಗೆ ಮಾರುತ್ತಾರೆ ಅಂತ ಅವನಿಗೆ ಗೊತ್ತು. ನಾವು ಎರಡನ್ನೂ ಬಿಡಿಸಿ ನೋಡೋಣ.

ಊರೊಳಗೆ ಕೈಗಾರಿಕೆ ಇರಬಾರದು ಅನ್ನುವ ಕಾನೂನು ಇಲ್ಲ. 1961ರ ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಮಾಸ್ಟರ್ ಪ್ಲಾನ್ ಅಂದರೆ ವಾಸ, ವ್ಯಾಪಾರ, ಕೈಗಾರಿಕೆ, ಕೃಷಿ, ಆಟದ ಬಯಲು, ಶಾಲೆ ಎಲ್ಲಕ್ಕೂ ಜಾಗ ಗುರುತಿಸುವ ನಕ್ಷೆ. ಆ ಪಟ್ಟಿಯಲ್ಲಿ ಕೈಗಾರಿಕೆಯ ಹೆಸರು ವಾಸದ ಹೆಸರಿನಷ್ಟೇ ಸ್ಪಷ್ಟವಾಗಿ ಇದೆ. ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ನೇರಳೆ ಬಣ್ಣ, ಅಂದರೆ ಕೈಗಾರಿಕೆಯ ಬಣ್ಣ ಇದ್ದರೆ ನೀವು ಅಲ್ಲಿರುವುದು ಯಾರ ದಯೆಯಿಂದಲೂ ಅಲ್ಲ, ಹಕ್ಕಿನಿಂದ.

ಇನ್ನೊಂದು ಗೊಂದಲ ಬಿಡಿಸಬೇಕು. ‘ಕನ್ವರ್ಷನ್’ ಅಂತ ಎಲ್ಲರೂ ಒಂದೇ ಮಾತಿನಲ್ಲಿ ಹೇಳುತ್ತಾರೆ. ಆದರೆ ಅಲ್ಲಿ ಎರಡು ಬೇರೆ ಬೇರೆ ಕೆಲಸ ಇದೆ. ಹೊಲ, ತೋಟದ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು ಭೂ ಕಂದಾಯ ಕಾಯ್ದೆಯ 95ನೇ ಕಲಂ ಕೆಳಗೆ ಜಿಲ್ಲಾಧಿಕಾರಿ ಕೊಡುವ ಆದೇಶ ಭೂ ಪರಿವರ್ತನೆ. ಮಾಸ್ಟರ್ ಪ್ಲಾನ್‌ನಲ್ಲಿ ಕೈಗಾರಿಕೆ ಅಂತ ಇರುವುದನ್ನು ವಾಸ ಅಥವಾ ವಾಣಿಜ್ಯ ಅಂತ ಬದಲಿಸುವುದು ಭೂ ಬಳಕೆ ಬದಲಾವಣೆ. ಇದು ಯೋಜನಾ ಕಾಯ್ದೆಯ 14ಎ ಕಲಂ ಕೆಳಗೆ, ನಗರಾಭಿವೃದ್ಧಿ ಪ್ರಾಧಿಕಾರದ ಮೂಲಕ ಆಗಬೇಕು. ಆ ಕಲಂ ಸುಮ್ನೆ ‘ಮಾಲೀಕ ಕೇಳಿದ, ಕೊಟ್ಟೆವು’ ಅನ್ನುವುದಿಲ್ಲ. ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು. ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು. ನಿಮ್ಮ ಹಿಂದಿನ ಮೂರು ಶೆಡ್‌ಗೂ ಇಂಥ ಪ್ರಕಟಣೆ ಬಂದಿರಬೇಕು. ನೀವು ನೋಡಿರಲಿಕ್ಕಿಲ್ಲ, ಯಾಕೆಂದರೆ ಅದು ಸಾಮಾನ್ಯವಾಗಿ ಟೆಂಡರ್ ಜಾಹೀರಾತುಗಳ ನಡುವೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಬಂದಿತ್ತಾ, ಯಾರಾದರೂ ಆಕ್ಷೇಪಣೆ ಹಾಕಿದ್ದರಾ, ಅನುಮತಿಗೆ ಏನು ಷರತ್ತು ಇತ್ತು ಅನ್ನೋದನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ನಿಮ್ಮ ಕೇಸಿಗೆ ಆ ಕಡತವೇ ಮೂಲ.

ಈಗ ಶಬ್ದದ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಊರೊಳಗಿನ ಸಣ್ಣ ಕೈಗಾರಿಕೆಗಳು ಸೋಲುವುದು ಬಹುಪಾಲು ಇಲ್ಲೇ.

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಕೈಗಾರಿಕಾ ಪ್ರದೇಶದಲ್ಲಿ ಹಗಲು 75 ಡೆಸಿಬಲ್, ರಾತ್ರಿ 70 ಡೆಸಿಬಲ್‌ವರೆಗೆ ಶಬ್ದ ಇರಬಹುದು. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ವಾಸದ ಪ್ರದೇಶದಲ್ಲಿ 55 ಮತ್ತು 45. ಹಗಲು ಅಂದರೆ ಬೆಳಿಗ್ಗೆ 6ರಿಂದ ರಾತ್ರಿ 10. ಈ ಅಂಕಿಗಳನ್ನು ನೋಡಿ, ಆಮೇಲೆ ಬ್ರೋಕರ್ ಮಾತು ನೆನಪಿಸಿಕೊಳ್ಳಿ. ನಿಮ್ಮ ಬೀದಿ ವಾಸದ ವಲಯ ಅಂತ ಆದ ದಿನ ನಿಮ್ಮ ಮಷಿನ್ ಒಂದು ಚೂರೂ ಜೋರಾಗಿರುವುದಿಲ್ಲ. ಆದರೆ ಹಗಲಿನ ಮಿತಿ 20 ಡೆಸಿಬಲ್ ಇಳಿದಿರುತ್ತದೆ. ಕಿವಿಯ ಲೆಕ್ಕದಲ್ಲಿ 10 ಡೆಸಿಬಲ್ ಇಳಿದರೆ ಸದ್ದು ಸುಮಾರು ಅರ್ಧ ಆದ ಹಾಗೆ ಕೇಳುತ್ತದೆ. ಶಕ್ತಿಯ ಲೆಕ್ಕದಲ್ಲಿ 20 ಡೆಸಿಬಲ್ ಅಂದರೆ ನೂರು ಪಟ್ಟು ವ್ಯತ್ಯಾಸ. ಯಾವ ಪವರ್ ಪ್ರೆಸ್ಸೂ ಅಷ್ಟು ಸುಲಭವಾಗಿ ಅಷ್ಟು ಇಳಿಯಲ್ಲ. ಹೀಗೆ ನಿಮ್ಮನ್ನು ಯಾರೂ ‘ಎತ್ತಂಗಡಿ’ ಮಾಡಬೇಕಾಗಿಲ್ಲ. ನಕ್ಷೆಯ ಬಣ್ಣ ಬದಲಾದರೆ ಸಾಕು, ನಲವತ್ತು ವರ್ಷದಿಂದ ಸರಿಯಾಗಿದ್ದ ಕೆಲಸವೇ ತಪ್ಪು ಅಂತ ಆಗಿಬಿಡುತ್ತದೆ. ಅದಕ್ಕೇ ನಾನು ಪೊಲೀಸ್ ದೂರಿಗಿಂತ ಮಾಸ್ಟರ್ ಪ್ಲಾನ್ ಕಡೆ ಜಾಸ್ತಿ ಗಮನ ಕೊಡಿ ಅನ್ನುತ್ತೇನೆ.

ಹಾಗಂತ ದೂರನ್ನು ಕಡೆಗಣಿಸಬೇಡಿ. ಅಲ್ಲಿ ಮನೆ ಕೊಂಡವರೂ ಸಾಲ ಮಾಡಿ ಕೊಂಡಿರುತ್ತಾರೆ. ಮಗು ಮಲಗಿಸುವ ಹೊತ್ತಿಗೆ ಗೋಡೆಯಾಚೆ ಪ್ರೆಸ್ ಬಡಿದರೆ ಯಾರಿಗೆ ತಾನೇ ಸಿಟ್ಟು ಬರಲ್ಲ? ನಿಮ್ಮ ಕಾಂಪೌಂಡ್ ಗೋಡೆಯ ಹತ್ತಿರ, ಹಿಂದಿನ ಕಡೆ, ಮಷಿನ್ ಓಡುವಾಗ ಮತ್ತು ನಿಂತಾಗ ಶಬ್ದ ಅಳೆಸಿ. ಮಾನ್ಯತೆ ಇರುವ ಪ್ರಯೋಗಾಲಯದವರಿಂದಲೇ ಅಳೆಸಿ, ಮೊಬೈಲ್ ಆ್ಯಪ್ ಲೆಕ್ಕಕ್ಕೆ ಬರುವುದಿಲ್ಲ. ಮಿತಿಗಿಂತ 10 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚು ದಾಟಿದರೆ ದೂರು ಕೊಡಬಹುದು ಅನ್ನುತ್ತದೆ ನಿಯಮ. ನಿಮ್ಮ ಕೈಯಲ್ಲಿ ವರದಿ ಇದ್ದರೆ ಮಾತು ಬೇರೆ ರೀತಿ ನಡೆಯುತ್ತದೆ.

ನಾನು ನೋಡಿದ ಸಣ್ಣ ಶೆಡ್‌ಗಳಲ್ಲಿ ನೆರೆಯವರನ್ನು ಕಾಡುವುದು ಲೇತು ಅಲ್ಲ. ಲೇತಿನ ಸದ್ದು ಒಂದೇ ಸಮ ಇರುತ್ತದೆ, ಕಿವಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ಕಾಡುವುದು ಕಂಪ್ರೆಸರ್ ಮತ್ತು ಪ್ರೆಸ್. ಕಂಪ್ರೆಸರನ್ನು ‘ಒಳಗೆ ಜಾಗ ಇಲ್ಲ’ ಅಂತ ಹಿಂದಿನ ಗೋಡೆಗೆ ತಾಗಿಸಿ, ತಗಡಿನ ಮಾಡಿನ ಕೆಳಗೆ ಇಟ್ಟಿರುತ್ತಾರೆ. ಆ ಗೋಡೆಯ ಆಚೆಗೇ ಈಗ ಬೆಡ್‌ರೂಮ್ ಬಂದಿರುತ್ತದೆ. ಅದನ್ನು ರಸ್ತೆ ಕಡೆಗೆ ತಂದು, ಗಾಳಿ ಆಡುವಂತೆ ಇಟ್ಟಿಗೆ ಗೂಡು ಕಟ್ಟಿ, ಗಾಳಿ ಎಳೆದುಕೊಳ್ಳುವ ಬಾಯಿಗೆ ಸೈಲೆನ್ಸರ್ ಹಾಕಿದರೆ ಅರ್ಧ ಜಗಳ ಮುಗಿಯುತ್ತದೆ. ಪ್ರೆಸ್‌ನ ಕಥೆ ಬೇರೆ. ಅದರ ಬಡಿತ ಗಾಳಿಗಿಂತ ನೆಲದಲ್ಲಿ ಹೋಗುತ್ತದೆ. ಕಿಟಕಿ ಮುಚ್ಚಿದರೂ ಮಂಚ ಅದುರುತ್ತದೆ ಅಂತ ಜನ ಹೇಳುವುದು ಅದಕ್ಕೇ. ಪ್ರೆಸ್ ಕೆಳಗಿನ ಕಾಂಕ್ರೀಟ್ ಪಾಯವನ್ನು ಶೆಡ್ಡಿನ ನೆಲದಿಂದ ಕತ್ತರಿಸಿ ಬೇರ್ಪಡಿಸಿ, ಕಂಪನ ತಡೆಯುವ ಪ್ಯಾಡ್ ಮೇಲೆ ಮಷಿನ್ ಕೂರಿಸಬೇಕು. ಖರ್ಚು ಇದೆ. ಒಂದೆರಡು ದಿನ ಪ್ರೆಸ್ ನಿಲ್ಲಿಸಬೇಕು. ಜೊತೆಗೆ ಸಂಜೆ 7ರ ನಂತರ ಪ್ರೆಸ್ ಓಡಿಸುವುದಿಲ್ಲ ಅಂತ ಅಪಾರ್ಟ್‌ಮೆಂಟ್ ಸಂಘಕ್ಕೆ ಲಿಖಿತವಾಗಿ ಕೊಡಿ. ಕಾನೂನು ನಿಮಗೆ ರಾತ್ರಿ 10ರವರೆಗೆ ಹಗಲು ಅನ್ನುತ್ತದೆ, ಆದರೂ ಕೊಡಿ. ಈ ಸಣ್ಣ ಒಪ್ಪಂದ ಮುಂದೆ ಪ್ರಾಧಿಕಾರದ ಮುಂದೆ ನಿಂತಾಗ ನಿಮ್ಮ ಪರ ಮಾತಾಡುತ್ತದೆ.

ಮಾಲಿನ್ಯದ ಬಗ್ಗೆ ಚಿಕ್ಕದಾಗಿ. ‘ಫ್ಯಾಕ್ಟರಿ ಅಂದರೆ ವಿಷ’ ಅಂತ ಜನ ಅಂದುಕೊಂಡಿದ್ದಾರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲಿ ಕೈಗಾರಿಕೆಗಳಿಗೆ ಅಂಕ ಕೊಟ್ಟು ಕೆಂಪು, ಕಿತ್ತಳೆ, ಹಸಿರು, ಬಿಳಿ ಅಂತ ವಿಂಗಡಿಸಿತು. ಆಗಿನ ಲೆಕ್ಕದಲ್ಲಿ 60 ಮತ್ತು ಅದಕ್ಕಿಂತ ಮೇಲೆ ಅಂಕ ಬಂದರೆ ಕೆಂಪು, 20ರೊಳಗೆ ಬಂದರೆ ಬಿಳಿ ಆಗಿತ್ತು; 2025ರಲ್ಲಿ ಆ ಅಂಕಗಳು ಬದಲಾದವು. ಆಸಿಡ್, ಪೇಂಟಿಂಗ್, ಪ್ಲೇಟಿಂಗ್ (ಲೋಹದ ಲೇಪನ) ಇಲ್ಲದ ಲೇತು ಕೆಲಸ ಸಾಮಾನ್ಯವಾಗಿ ಕೆಳಗಿನ ವರ್ಗಗಳಲ್ಲೇ ಬರುತ್ತದೆ. ಪ್ಲೇಟಿಂಗ್ ಕೆಂಪು. ಮಾಲಿನ್ಯ ನಿಯಂತ್ರಣ ಮಂಡಳಿ ನಿಮಗೆ ಕೊಟ್ಟ ಸಮ್ಮತಿ ಪತ್ರದಲ್ಲಿ ಯಾವ ಬಣ್ಣ ಇದೆ, ಅವಧಿ ಮುಗಿದಿದೆಯಾ ನೋಡಿಕೊಳ್ಳಿ. ಅವಧಿ ಮುಗಿದ ಪತ್ರ ಇಟ್ಟುಕೊಂಡು ಹಕ್ಕಿನ ಮಾತು ಆಡಲು ಆಗುವುದಿಲ್ಲ.

ಸರಿ, ಶೆಡ್‌ಗಳು ಯಾಕೆ ಹೀಗೆ ಒಂದೊಂದಾಗಿ ಹೋಗುತ್ತಿವೆ? ತುಮಕೂರು ಬೆಂಗಳೂರಿಗೆ ಹತ್ತಿರ, 70 ಕಿಲೋಮೀಟರ್. ರೈಲಿದೆ, ಹೆದ್ದಾರಿ ಇದೆ, ಮೆಟ್ರೊ ಬರುತ್ತದಂತೆ ಅನ್ನುವ ಮಾತೂ ಇದೆ. ವಾಸದ ಜಾಗಕ್ಕೆ ಸಿಗುವ ಬೆಲೆ ಶೆಡ್ ಜಾಗಕ್ಕೆ ಸಿಗಲ್ಲ. ಇಷ್ಟು ಎಲ್ಲರಿಗೂ ಗೊತ್ತು. ಇದರ ಹಿಂದೆ ಇನ್ನೊಂದು ವಿಷಯ ಇದೆ. ‘ಇದು ಇವತ್ತಲ್ಲ ನಾಳೆ ಬದಲಾಗಬಹುದು’ ಅನ್ನುವ ಆಸೆಗೇ ಒಂದು ಬೆಲೆ ಇದೆ. ಒಂದು ಶೆಡ್‌ಗೆ ಅನುಮತಿ ಸಿಕ್ಕಿತು ಅಂದರೆ ಅಕ್ಕಪಕ್ಕದ ಹತ್ತು ಮಾಲೀಕರು ಮನಸ್ಸಿನಲ್ಲೇ ಹೊಸ ದರ ಹಾಕಿಕೊಳ್ಳುತ್ತಾರೆ. ಬಾಡಿಗೆಗೆ ಕೊಟ್ಟವರು ಮೂರು ವರ್ಷದ ಕರಾರು ಬಿಟ್ಟು ಹನ್ನೊಂದು ತಿಂಗಳಿಗೆ ಇಳಿಯುತ್ತಾರೆ. ಹನ್ನೊಂದು ತಿಂಗಳ ಕರಾರು ಇಟ್ಟುಕೊಂಡು ಯಾವ ಬಾಡಿಗೆದಾರನೂ ಹೊಸ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮಷಿನ್‌ಗೆ ಸಾಲ ಎತ್ತುವುದಿಲ್ಲ. ಹಳೇ ಮಷಿನ್‌ನಲ್ಲೇ ದೂಡುತ್ತಾನೆ, ಆರ್ಡರ್ ಕಳೆದುಕೊಳ್ಳುತ್ತಾನೆ, ಖಾಲಿ ಮಾಡುತ್ತಾನೆ. ಆಮೇಲೆ ‘ನೋಡಿ, ಈ ಪ್ರದೇಶ ಸತ್ತುಹೋಗಿದೆ, ಬದಲಿಸಿ’ ಅಂತ ಅರ್ಜಿ ಬರುತ್ತದೆ. ಪ್ರದೇಶ ಸೊರಗಿದ್ದಕ್ಕೆ ಕಾರಣ ಅನಿಶ್ಚಿತತೆ. ‘ಇನ್ನು ಹತ್ತು ವರ್ಷ ಇಲ್ಲಿ ಕೈಗಾರಿಕೆ ಬಿಟ್ಟು ಬೇರೇನೂ ಇಲ್ಲ’ ಅಂತ ಯೋಜನೆ ಗಟ್ಟಿಯಾಗಿ ಹೇಳಿದರೆ ಬೆಲೆ ತಾನಾಗಿ ಇಳಿಯುತ್ತದೆ, ಕೆಲಸ ಮಾಡುವವನ ಕೈಗೆ ಎಟುಕುತ್ತದೆ.

ಹೋಗಲಿ ಬಿಡಿ, ಹೊರಗೆ ಇಷ್ಟು ಜಾಗ ಇದೆಯಲ್ಲ ಅನ್ನುವವರಿಗೆ ನಾನು ಒಂದು ಹಳೇ ಶೆಡ್ ಬೀದಿಯಲ್ಲಿ ಅರ್ಧ ದಿನ ನಿಂತು ನೋಡಿ ಅನ್ನುತ್ತೇನೆ. ಒಬ್ಬ ಹುಡುಗ ಟಿವಿಎಸ್ ಮುಂದೆ ಗೋಣಿಚೀಲದಲ್ಲಿ ಶಾಫ್ಟ್ ಇಟ್ಟುಕೊಂಡು ಟರ್ನಿಂಗ್ ಶೆಡ್‌ನಿಂದ ಹೊರಡುತ್ತಾನೆ. ನಾಲ್ಕು ಶೆಡ್ ದಾಟಿ ಅದಕ್ಕೆ ಕೀವೇ, ಅಂದರೆ ಬೆಣೆ ಕೂರುವ ಗಾಡಿ ಕೊರೆಸುತ್ತಾನೆ. ಅಲ್ಲಿಂದ ಮೂಲೆಯ ಹೀಟ್ ಟ್ರೀಟ್‌ಮೆಂಟ್‌ಗೆ. ಸಂಜೆ ಗ್ರೈಂಡಿಂಗ್‌ಗೆ. ಯಾರ ಹತ್ತಿರವೂ ಎಲ್ಲ ಮಷಿನ್ ಇಲ್ಲ, ಬೀದಿಯ ಹತ್ತಿರ ಇದೆ. ಮಧ್ಯಾಹ್ನ ಒಬ್ಬ ರೈತ ಸುಟ್ಟ ಮೋಟಾರು, ಸವೆದ ಬುಷ್ ಹಿಡಿದುಕೊಂಡು ಬರುತ್ತಾನೆ, ಅದು ಅವತ್ತೇ ರಿಪೇರಿ ಆಗಿ ಹೋಗುತ್ತದೆ. ಕೊಳವೆಬಾವಿ ನಂಬಿರುವ ಜಿಲ್ಲೆಯಲ್ಲಿ ಆ ಒಂದು ದಿನಕ್ಕೆ ಎಷ್ಟು ಬೆಲೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಒಂದು ಶೆಡ್ ಹೋದರೆ ಬೀದಿ ತಡೆದುಕೊಳ್ಳುತ್ತದೆ. ಹೀಟ್ ಟ್ರೀಟ್‌ಮೆಂಟ್ ಶೆಡ್ ಹೋದರೆ ಉಳಿದವರ ಕೆಲಸವೆಲ್ಲ ಬೆಂಗಳೂರಿನ ಪೀಣ್ಯಕ್ಕೆ ಹೋಗಿ ಬರಬೇಕು. ಇದನ್ನು ಯಾವ ಮಾರುಕಟ್ಟೆ ಬೆಲೆಯೂ ಲೆಕ್ಕ ಹಾಕುವುದಿಲ್ಲ, ಅದಕ್ಕೇ ಯೋಜನಾ ನೀತಿ ಬೇಕು.

ಬೇರೆ ಊರುಗಳು ಇದರಲ್ಲಿ ಏನು ಮಾಡಿದವು ಅಂತ ನೋಡಿದರೆ ಮುಂಬಯಿಯ ಕಥೆ ಎಲ್ಲಕ್ಕಿಂತ ನೋವಿನದು. 1982ರ ಜವಳಿ ಮುಷ್ಕರದ ನಂತರ ಗಿರಣಿಗಳು ಏಳಲೇ ಇಲ್ಲ. 1991ರಲ್ಲಿ ಅಲ್ಲಿಯ ಅಭಿವೃದ್ಧಿ ನಿಯಂತ್ರಣ ನಿಯಮ 58 ಬಂತು. ಗಿರಣಿ ಜಾಗದಲ್ಲಿ ಹೊಸದಾಗಿ ಕಟ್ಟಬೇಕಾದರೆ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಬಯಲಿಗೆ, ಮೂರನೇ ಒಂದು ಭಾಗ ಸಾರ್ವಜನಿಕ ವಸತಿಗೆ, ಉಳಿದದ್ದು ಮಾಲೀಕರಿಗೆ ಅನ್ನುವ ಲೆಕ್ಕ. 2001ರಲ್ಲಿ ತಿದ್ದುಪಡಿ ಮಾಡಿ, ಈ ಪಾಲು ಕಟ್ಟಡ ಇಲ್ಲದ ಖಾಲಿ ಜಾಗಕ್ಕೆ ಮಾತ್ರ ಅನ್ವಯ ಅಂದರು. ಗಿರಣಿಗಳಲ್ಲಿ ಖಾಲಿ ಜಾಗ ಎಷ್ಟಿರುತ್ತದೆ ಹೇಳಿ? 2006ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಮಾಲ್, ಟವರ್‌ಗಳು ಎದ್ದವು. ಒಂದೇ ಒಂದು ವಾಕ್ಯದ ತಿದ್ದುಪಡಿ ಏನೆಲ್ಲ ಮಾಡಬಹುದು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ನಮ್ಮ ಬೆಂಗಳೂರಿನ ಬಿನ್ನಿ ಮಿಲ್ ಜಾಗಕ್ಕೆ ಏನಾಯಿತು ಅಂತ ನೀವೇ ನೋಡಿದ್ದೀರಿ.

ಅಮೆರಿಕದ ಶಿಕಾಗೋ 1988ರಲ್ಲಿ ಕ್ಲೈಬೋರ್ನ್ ಅನ್ನುವ ಕಡೆ ಮೊದಲ ‘ಯೋಜಿತ ಉತ್ಪಾದನಾ ವಲಯ’ ಮಾಡಿತು. ಹಳೇ ಕಾರ್ಖಾನೆಗಳ ನಡುವೆ ಶ್ರೀಮಂತರ ಮನೆಗಳು ನುಗ್ಗುತ್ತಿದ್ದವು, ನಿಮ್ಮ ಬೀದಿಯ ಹಾಗೇ. ಆ ವಲಯದ ಒಳಗೆ ಮನೆ ಕಟ್ಟುವಂತಿಲ್ಲ ಅಂದರು. ಸುಮಾರು ಮೂವತ್ತು ವರ್ಷ ಹಿಡಿದುಕೊಂಡರು. 2017ರಲ್ಲಿ ಅಲ್ಲಿಯ ನಗರ ಸಭೆ ಅದೇ ಪ್ರದೇಶದ ರಕ್ಷಣೆಯನ್ನು ಸಡಿಲ ಮಾಡಿತು. ಒಮ್ಮೆ ಗೆದ್ದರೆ ಮುಗಿಯಿತು ಅಂತಿಲ್ಲ ಅನ್ನೋದೂ ನಮಗೆ ಗೊತ್ತಿರಲಿ.

ನ್ಯೂಯಾರ್ಕ್ ಬೇರೆ ದಾರಿ ಹಿಡಿಯಿತು. 1966ರಲ್ಲಿ ನೌಕಾಪಡೆ ಬ್ರೂಕ್ಲಿನ್‌ನ ಹಡಗುಕಟ್ಟೆ ಮುಚ್ಚಿದಾಗ ನಗರವೇ ಆ ಸುಮಾರು 300 ಎಕರೆ ಕೊಂಡುಕೊಂಡಿತು. ಮಾರಲಿಲ್ಲ. ಲಾಭಕ್ಕಲ್ಲದ ಒಂದು ಸಂಸ್ಥೆಯ ಮೂಲಕ ಸಣ್ಣ ಸಣ್ಣ ಕಸುಬಿನವರಿಗೆ ಬಾಡಿಗೆಗೆ ಕೊಡುತ್ತ ಬಂದಿದೆ. ನಮ್ಮೂರಿನಲ್ಲೂ ಇದಕ್ಕೆ ಹತ್ತಿರದ ಒಂದು ಉದಾಹರಣೆ ಇದೆ ಅಲ್ವಾ? ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ ಮಾಡಿತು. ಅಲ್ಲಿ ದುಡಿದವರ ಸಂಕಟ ಈ ಊರಿಗೆ ಗೊತ್ತು. ಆದರೆ ಜಾಗ ಲೇಔಟ್ ಆಗಲಿಲ್ಲ, ಇಸ್ರೋಗೆ ಹೋಯಿತು. ಸರ್ಕಾರದ ಸ್ವತ್ತು ಆಗಿದ್ದರಿಂದ ಅದು ಆಯಿತು. ಸಣ್ಣ ಶೆಡ್‌ಗಳಿಗೆ ಅಂಥ ಆಸರೆ ಇಲ್ಲ, ಇರುವುದು ನಕ್ಷೆಯೊಂದೇ.

ನಿಮ್ಮ ಸಮಸ್ಯೆಗೆ ನೇರ ಹೊಂದುವುದು ಇಂಗ್ಲೆಂಡಿನ ನಿಯಮ. 2018ರಲ್ಲಿ ಅಲ್ಲಿಯ ರಾಷ್ಟ್ರೀಯ ಯೋಜನಾ ನೀತಿಯಲ್ಲಿ ಒಂದು ಮಾತು ಸೇರಿಸಿದರು. ಮೊದಲೇ ಇರುವ ಉದ್ಯಮದ ಪಕ್ಕ ಹೊಸದಾಗಿ ಮನೆ ಕಟ್ಟುವವನೇ ಶಬ್ದ ತಡೆಯುವ ವ್ಯವಸ್ಥೆ ಮಾಡಿಕೊಳ್ಳಬೇಕು, ಮೊದಲಿದ್ದವನ ಮೇಲೆ ಅನ್ಯಾಯದ ನಿರ್ಬಂಧ ಬೀಳಬಾರದು ಅಂತ. ದಪ್ಪ ಗಾಜಿನ ಕಿಟಕಿ, ಶೆಡ್ ಕಡೆಗೆ ಬೆಡ್‌ರೂಮ್ ಬದಲು ಮೆಟ್ಟಿಲು, ಅಡುಗೆಮನೆ, ಪಾರ್ಕಿಂಗ್. ಕಟ್ಟುವ ಮೊದಲು ಮಾಡಿದರೆ ಇದರ ಖರ್ಚು ಕಡಿಮೆ. ನಮ್ಮಲ್ಲೂ ಪ್ಲಾನ್ ಮಂಜೂರಾತಿಗೆ ಇಂಥ ಷರತ್ತು ಹಾಕಬೇಕು ಅಂತ ಕೇಳುವುದರಲ್ಲಿ ಯಾವ ತಪ್ಪೂ ಇಲ್ಲ. ನಾನಂತೂ ಕೇಳುತ್ತಲೇ ಇರುತ್ತೇನೆ.

ಈಗ ನಿಮ್ಮ ಮುಂದಿರುವ ದಾರಿಗಳಿಗೆ ಬರೋಣ.

ವಸಂತನರಸಾಪುರ ಒಳ್ಳೆಯ ಜಾಗ. ರಸ್ತೆ ಅಗಲ, ವಿದ್ಯುತ್ ಚೆನ್ನಾಗಿದೆ, ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರ್‌ನ ತುಮಕೂರು ಭಾಗ ಅಲ್ಲೇ ಬರುತ್ತದೆ. ದೊಡ್ಡ ಲಾರಿ ಬೇಕಾದವರಿಗೆ, ಬೆಳೆಯಬೇಕು ಅನ್ನುವವರಿಗೆ ಅದು ಸರಿ. ಹನ್ನೊಂದು ಜನರ ಜಾಬ್ ವರ್ಕ್ ಘಟಕಕ್ಕೆ? ನಿಮ್ಮ ಗ್ರೈಂಡಿಂಗ್‌ನವನು, ಹೀಟ್ ಟ್ರೀಟ್‌ಮೆಂಟ್‌ನವನು ನಿಮ್ಮ ಜೊತೆ ಬರುವುದಿಲ್ಲ. ನಡೆದು, ಸೈಕಲ್ಲಿನಲ್ಲಿ ಬರುವ ಕೆಲಸಗಾರರಿಗೆ ಬಸ್ಸು, ಪೆಟ್ರೋಲ್ ಖರ್ಚು ಬೀಳುತ್ತದೆ. ಮನೆ, ಮಕ್ಕಳ ಶಾಲೆ ನೋಡಿಕೊಂಡು ದುಡಿಯುವ ಹೆಂಗಸರು ಮೊದಲು ಬಿಡುತ್ತಾರೆ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ನಿವೇಶನ ಅಂದರೆ ಲೀಸ್ ಮತ್ತು ಮಾರಾಟದ ಕರಾರು, ಇಂತಿಷ್ಟು ಅವಧಿಯೊಳಗೆ ಕಟ್ಟಿ ಉತ್ಪಾದನೆ ಶುರು ಮಾಡಬೇಕು ಅನ್ನುವ ಷರತ್ತು ಇರುತ್ತದೆ. ಅದನ್ನು ಪೂರ್ತಿ ಓದಿ. ಹೋಗುವುದೇ ಆದರೆ ಒಂದು ಅನುಕೂಲ ಗೊತ್ತಿರಲಿ: ನಗರ ಪ್ರದೇಶದಿಂದ ಹೊರಗೆ ಕೈಗಾರಿಕೆ ಸ್ಥಳಾಂತರ ಮಾಡಿದರೆ ಜಾಗ ಮಾರಿದ ಲಾಭದ ಮೇಲಿನ ತೆರಿಗೆಗೆ ವಿನಾಯಿತಿ ಇದೆ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಅದು 54ಜಿ ಕಲಂ. 2025ರ ಹೊಸ ಕಾಯ್ದೆಯಲ್ಲಿ ಕಲಂ ಸಂಖ್ಯೆಗಳು ಬದಲಾಗಿವೆ. ಹಳೇ ಜಾಗದ ಸ್ಥಾನ, ಹೊಸ ಜಾಗದ ಸ್ಥಾನ, ಹಣ ಹಾಕುವ ಗಡುವು ಎಲ್ಲದಕ್ಕೂ ಷರತ್ತು ಇದೆ. ಮಾರುವ ಮೊದಲೇ ಲೆಕ್ಕ ಪರಿಶೋಧಕರನ್ನು ಕೇಳಿ. ಮಾರಿದ ಮೇಲೆ ಕೇಳಿದರೆ ತಡವಾಗುತ್ತದೆ.

ನೀವೇ ಭೂ ಬಳಕೆ ಬದಲಿಸಿ ಕಟ್ಟುವ ದಾರಿ ಕೇಳಲು ಚೆಂದ. ಶುಲ್ಕ ಇದೆ, ಸಮಯ ಹಿಡಿಯುತ್ತದೆ, ಅನುಮತಿ ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಬ್ರೋಕರ್ ಕೊಡುವ ಮುಂಗಡದ ಕರಾರಿನಲ್ಲಿ ಸಾಮಾನ್ಯವಾಗಿ ‘ಅನುಮತಿ ಮಾಡಿಸಿಕೊಡುವುದು ಮಾಲೀಕರ ಹೊಣೆ’ ಅಂತ ಒಂದು ಸಾಲು ಇರುತ್ತದೆ. ಆ ಸಾಲಿಗೆ ಸಹಿ ಹಾಕಿದರೆ ಕೆಲಸವೂ ನಿಂತಿರುತ್ತದೆ, ಜಾಗವೂ ವ್ಯಾಜ್ಯದಲ್ಲಿ ಸಿಕ್ಕಿಕೊಂಡಿರುತ್ತದೆ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ನಲವತ್ತು ವರ್ಷ ಕಟಿಂಗ್ ಆಯಿಲ್, ಗ್ರೀಸು, ಲೋಹದ ಪುಡಿ ಬಿದ್ದ ನೆಲ ಅದು. ಮನೆ ಕಟ್ಟುವ ಮೊದಲು ಮಣ್ಣು ಮತ್ತು ಬೋರ್‌ವೆಲ್ ನೀರು ಪರೀಕ್ಷೆ ಮಾಡಿಸಬೇಕು. ನಾಳೆ ಅಲ್ಲಿ ನೀರು ಕುಡಿಯುವವರು ಯಾರದೋ ಮಕ್ಕಳು. ಜಾಗ ಮೂಲತಃ ಕೈಗಾರಿಕಾ ಮಂಡಳಿಯಿಂದಲೋ ಸಣ್ಣ ಕೈಗಾರಿಕೆಗಳ ನಿಗಮದಿಂದಲೋ ಹಂಚಿಕೆ ಆಗಿದ್ದರೆ ಕ್ರಯಪತ್ರದ ಜೊತೆ ಹಳೇ ಹಂಚಿಕೆ ಪತ್ರದ ಷರತ್ತನ್ನೂ ತೆಗೆದು ನೋಡಿ. ಮೊದಲು ಕೃಷಿ ಜಮೀನಾಗಿದ್ದರೆ ಪರಿವರ್ತನೆ ಆದೇಶದಲ್ಲಿ ಯಾವ ಉದ್ದೇಶ ಅಂತ ಬರೆದಿದೆ ನೋಡಿ.

ಉಳಿಯುವ ದಾರಿಗೂ ಬೆಲೆ ಇದೆ. ಶಬ್ದ ತಡೆಗೆ ಕೈಯಿಂದ ಹಾಕಬೇಕು. ವಲಯ ಬದಲಾದರೆ, ಇರುವ ಬಳಕೆಯನ್ನು ಮುಂದುವರಿಸಲು ಬಿಟ್ಟರೂ ಸಾಮಾನ್ಯವಾಗಿ ವಿಸ್ತರಿಸಲು ಬಿಡುವುದಿಲ್ಲ. ಹೊಸ ಮಷಿನ್, ಹೆಚ್ಚಿನ ವಿದ್ಯುತ್, ಬ್ಯಾಂಕ್ ಸಾಲ ಎಲ್ಲಕ್ಕೂ ಅಡ್ಡಿ ಬರುತ್ತದೆ. ಹಾಗಾಗಿ ಉಳಿಯುವುದು ಅಂದರೆ ಸುಮ್ನೆ ಕೂರುವುದಲ್ಲ, ವಲಯವನ್ನು ಉಳಿಸಿಕೊಳ್ಳಲು ಓಡಾಡುವುದು. ನಡುವಿನ ದಾರಿಯೂ ಇದೆ: ಪ್ರೆಸ್ ಎರಡನ್ನೂ ಹೊರಗೆ ಬಾಡಿಗೆ ಶೆಡ್‌ಗೆ ಕಳಿಸಿ, ಲೇತು, ಮಿಲ್ಲಿಂಗ್, ಜೋಡಣೆ ಇಲ್ಲಿ ಇಟ್ಟುಕೊಳ್ಳುವುದು. ಹೊರಗಿನ ಶೆಡ್‌ಗೆ ಬಾಡಿಗೆ, ಎರಡು ಕಡೆ ಮೇಲ್ವಿಚಾರಣೆ ಬೀಳುತ್ತದೆ. ಪ್ರೆಸ್‌ನಿಂದ ನಿಮ್ಮ ಆದಾಯದ ಎಷ್ಟು ಪಾಲು ಬರುತ್ತದೆ ಅನ್ನೋದರ ಮೇಲೆ ಇದು ನಿಂತಿದೆ.

ನನ್ನನ್ನು ಕೇಳಿದರೆ ಈಗ ಮಾರಬೇಡಿ. ಶಬ್ದ ಅಳೆಸಿ, ಕಂಪ್ರೆಸರ್ ಜಾಗ ಬದಲಿಸಿ, ನಿಮ್ಮ ಜಾಗ ಯಾವ ವಲಯದಲ್ಲಿದೆ ಅನ್ನುವ ಕಾಗದ ಪಡೆದುಕೊಳ್ಳಿ. ಒಂದು ವರ್ಷ ಹೋಗಲಿ. ಪ್ರೆಸ್ ಸರಿಪಡಿಸಿದ ಮೇಲೂ ಮಿತಿಯೊಳಗೆ ಬರಲಿಲ್ಲ ಅಂದರೆ ಪ್ರೆಸ್ ಮಾತ್ರ ಹೊರಗೆ ಕಳಿಸಿ. ವಲಯವೇ ಬದಲಾಗಿಹೋಯಿತು ಅಂದರೆ ಆಗ ಮಾರುವ ಮಾತು, ಆಗ ನಿಮಗೆ ವಾಸದ ಬೆಲೆಯೇ ಸಿಗುತ್ತದೆ. ಬ್ರೋಕರ್ ಹೇಳಿದ್ದು ನಿಜವಾದರೂ ಅವಸರದಿಂದ ನಿಮಗೆ ಲಾಭ ಇಲ್ಲ ಅನ್ನೋದು ಇಲ್ಲಿ ಗಮನಿಸಿ. ಈಗ ಕೊಂಡರೆ ಆ ಲಾಭ ಅವನ ಕಡೆಯವರಿಗೆ.

ಇನ್ನು ಮಾಸ್ಟರ್ ಪ್ಲಾನ್. ಕಾಯ್ದೆಯ 13ಡಿ ಕಲಂ ಪ್ರಕಾರ ಹತ್ತು ವರ್ಷಕ್ಕೆ ಒಮ್ಮೆಯಾದರೂ ಅದನ್ನು ಪರಿಷ್ಕರಿಸಬೇಕು. ಕರಡಿಗೆ ಸರ್ಕಾರ ತಾತ್ಕಾಲಿಕ ಒಪ್ಪಿಗೆ ಕೊಟ್ಟು ಪ್ರಕಟಿಸಿದ ಮೇಲೆ ಆಕ್ಷೇಪಣೆಗೆ 60 ದಿನ ಇರುತ್ತದೆ. ನಾನು ಕಂಡ ಹಾಗೆ ಆ 60 ದಿನದಲ್ಲಿ ಬರುವ ಅರ್ಜಿಗಳಲ್ಲಿ ‘ನನ್ನ ಜಮೀನು ಹಳದಿ (ವಾಸದ ಬಣ್ಣ) ಮಾಡಿ’ ಅನ್ನುವವೇ ಜಾಸ್ತಿ. ‘ನಮ್ಮ ಬೀದಿಯನ್ನು ನೇರಳೆಯಾಗಿಯೇ ಉಳಿಸಿ’ ಅಂತ ಬಂದದ್ದು ಬಹಳ ಅಪರೂಪ. ಅಂಥ ಅರ್ಜಿ ಬಾರದಿದ್ದರೆ ಕಚೇರಿಯಲ್ಲಿ ಕೂತ ಯೋಜಕ ಎಷ್ಟೇ ಒಳ್ಳೆಯವನಿದ್ದರೂ ಕಡತದಲ್ಲಿ ಆಧಾರ ಇರುವುದಿಲ್ಲ. ಒಬ್ಬರೇ ಹೋಗಬೇಡಿ, ಬೀದಿಯ ಶೆಡ್‌ಗಳೆಲ್ಲ ಸೇರಿ ಒಂದು ಸಂಘ ನೋಂದಾಯಿಸಿ. ಎಷ್ಟು ಘಟಕ, ಎಷ್ಟು ಕೆಲಸಗಾರರು, ಯಾರಿಂದ ಯಾರಿಗೆ ಜಾಬ್ ಹೋಗುತ್ತದೆ, ಯಾವ ಶೆಡ್ ಯಾವ ಮಾಲಿನ್ಯ ವರ್ಗ ಅಂತ ಒಂದು ಪುಟದ ಪಟ್ಟಿ, ಜೊತೆಗೆ ಸರ್ವೆ ನಂಬರ್ ಹಾಕಿದ ನಕ್ಷೆ ಮಾಡಿ.

ಕೇಳುವಾಗ ಬರೀ ‘ಉಳಿಸಿ’ ಅಂದರೆ ಸಾಲದು. ಬೀದಿಯ ನಡುವಿನ ಭಾಗ ಕೈಗಾರಿಕೆಗೆ ಮಾತ್ರ, ಅಂಚಿನಲ್ಲಿ ಬಿಳಿ ಮತ್ತು ಹಸಿರು ವರ್ಗದ ಘಟಕ, ಗೋದಾಮು, ಸರ್ವಿಸ್ ಅಂಗಡಿ. ಅಂಚಿಗೆ ತಾಗಿ ಹೊಸ ಮನೆ ಕಟ್ಟುವವರಿಗೆ ಶಬ್ದ ತಡೆಯ ಷರತ್ತು. ಖಾಲಿ ಬಿದ್ದ ದೊಡ್ಡ ಶೆಡ್ ಜಾಗದಲ್ಲಿ ಸಿಂಗಪುರದಲ್ಲಿ ಇರುವಂಥ ಮಹಡಿ ಮೇಲೆ ಮಹಡಿಯ ಕಾರ್ಖಾನೆ ಕಟ್ಟಡ: ಭಾರದ ಮಷಿನ್ ಕೆಳಗೆ, ಜೋಡಣೆ, ಪ್ಯಾಕಿಂಗ್ ಮೇಲೆ, ದೊಡ್ಡ ಸರಕು ಲಿಫ್ಟು. ಇಂಥ ಕಟ್ಟಡಕ್ಕೂ ಹಳೇ ಕೈಗಾರಿಕಾ ಎಸ್ಟೇಟುಗಳ ರಸ್ತೆ, ಚರಂಡಿ ಸರಿಪಡಿಸಲಿಕ್ಕೂ ಕೇಂದ್ರದ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಸಚಿವಾಲಯದ ಕ್ಲಸ್ಟರ್ ಅಭಿವೃದ್ಧಿ ಯೋಜನೆಯಲ್ಲಿ ನೆರವು ಇದೆ. ಅರ್ಜಿ ರಾಜ್ಯ ಸರ್ಕಾರದ ಮೂಲಕ ಹೋಗಬೇಕು, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಇದರ ಬದಲಿಗೆ ನೀವೂ ಕೊಡಬೇಕಾದದ್ದು ಇದೆ. ಕೆಂಪು ವರ್ಗದ ಘಟಕ ಊರೊಳಗೆ ಬೇಡ ಅನ್ನುವುದನ್ನು ಸಂಘವೇ ಒಪ್ಪಿ ಬರೆದುಕೊಡಲಿ. ಪ್ಲೇಟಿಂಗ್ ಶೆಡ್ ಇದ್ದರೆ ಅದಕ್ಕೆ ಸಂಸ್ಕರಣೆ ಇರುವ ಕಡೆ ಜಾಗ ಸಿಗುವವರೆಗೆ ಸಮಯ ಕೇಳಿ, ಶಾಶ್ವತ ರಕ್ಷಣೆ ಕೇಳಬೇಡಿ. ಅಪಾರ್ಟ್‌ಮೆಂಟಿನವರ ಜೊತೆ ನೀವು ಮಾಡಿಕೊಂಡ ಒಪ್ಪಂದದ ಪ್ರತಿಯನ್ನೂ ಲಗತ್ತಿಸಿ.

ಕರಡು ಬರುವವರೆಗೆ ಕಾಯುವ ಅಗತ್ಯವೂ ಇಲ್ಲ. ಈಗಲೇ ಸಂಘದ ಮನವಿ ಕೊಟ್ಟಿಡಬಹುದು. ನಿಮ್ಮ ಬೀದಿಯಲ್ಲಿ 14ಎ ಕೆಳಗೆ ಇನ್ನೊಂದು ಬದಲಾವಣೆಯ ಪ್ರಕಟಣೆ ಬಂದರೆ ಅದಕ್ಕೂ ಹೇಳಿದ ಗಡುವಿನೊಳಗೆ ಆಕ್ಷೇಪಣೆ ಹಾಕಿ. ಪತ್ರಿಕೆಯ ಒಳಪುಟದ ಸಾರ್ವಜನಿಕ ಪ್ರಕಟಣೆ ನೋಡುವ ಕೆಲಸವನ್ನು ಸಂಘದಲ್ಲಿ ಒಬ್ಬರಿಗೆ ವಹಿಸಿ. ಎಲ್ಲ ಅರ್ಜಿಯೂ ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರದ ಆಯುಕ್ತರ ಹೆಸರಿಗೆ ಇರಲಿ, ಪ್ರತಿ ಜಿಲ್ಲಾಧಿಕಾರಿಗೂ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೂ ಹೋಗಲಿ. ಬಾಯಿಮಾತಿಗೆ ‘ನೋಡೋಣ’ ಅಂದರೆ ಎದ್ದು ಬರಬೇಡಿ, ನಿಮ್ಮ ಪ್ರತಿಯ ಮೇಲೆ ತಾರೀಖಿನ ಜೊತೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಬನ್ನಿ.